ಹಳೇ ಡೀಸೆಲ್ ಪಿಕಪ್ ನಡುದಾರಿಯಲ್ಲಿ ಆಫ್ ಆಗುತ್ತಿದ್ದರೆ

ನನ್ನದು 2006ರ ಡೀಸೆಲ್ ಪಿಕಪ್. ದಿನಾ ಬೆಳಗಿನ ಜಾವ ಯಶವಂತಪುರ ಯಾರ್ಡಿನಲ್ಲಿ ಈರುಳ್ಳಿ ತುಂಬಿಕೊಂಡು ಬನಶಂಕರಿಗೆ ಹೋಗುತ್ತೇನೆ. ಮೂರು ವರ್ಷದ ಹಿಂದೆ ಗಾಡಿಗೆ ಒಂದು ಕಾಯಿಲೆ ಶುರುವಾಯಿತು. ಹೊರಟು ಅರ್ಧ ಗಂಟೆಗೆ, ನಾಯಂಡಹಳ್ಳಿ ಹತ್ತಿರ ಬರುತ್ತಿದ್ದ ಹಾಗೆ ಎಳೆದೆಳೆದು ನಿಂತುಬಿಡುತ್ತಿತ್ತು. ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಡೀಸೆಲ್ ಪಂಪ್ ಬಿಚ್ಚಿಸಿ ಸಾವಿರಾರು ರೂಪಾಯಿ ಸುರಿದೆ. ಆದರೂ ನಿಲ್ಲುತ್ತಿತ್ತು. ಒಂದು ದಿನ ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ 'ಸುಸ್' ಅಂತ ಗಾಳಿ ಒಳಗೆ ಎಳೆದುಕೊಂಡಿತು. ಮುಚ್ಚಳದಲ್ಲಿರುವ ಗಾಳಿ ತೂತಿಗೆ ಮಣ್ಣು ಮೆತ್ತಿತ್ತು, ಅಷ್ಟೇ. ಖರ್ಚಾದ ಡೀಸೆಲ್ ಜಾಗಕ್ಕೆ ಗಾಳಿ ಬರದಿದ್ದರೆ ಪಂಪ್ ಎಷ್ಟು ಅಂತ ಎಳೆದೀತು? ಸೂಜಿಯಿಂದ ಕೆದಕಿ ತೊಳೆದೆ. ಆ ತೊಂದರೆ ಮತ್ತೆ ಬಂದಿಲ್ಲ.

ಅದಕ್ಕೇ ಪಾರ್ಟ್ ತರುವ ಮೊದಲು ಗಾಡಿ ಹೇಗೆ ನಿಂತಿತು ಅಂತ ನೆನಪು ಮಾಡಿಕೊಳ್ಳಿ. ಅರ್ಧ ಉತ್ತರ ಅಲ್ಲೇ ಇರುತ್ತದೆ.

ಲೈಟ್ ಆರಿಸಿದ ಹಾಗೆ ಒಂದೇ ಸಲ ನಿಂತಿತಾ? ಮೊದಲು ವೈರ್ ನೋಡಿ. ಎಷ್ಟೋ ಹಳೇ ಗಾಡಿಗಳ ಪಂಪಿನ ಮೇಲೆ ಸ್ಟಾಪ್ ಸಾಲಿನಾಯ್ಡ್, ಅಂದರೆ ಕರೆಂಟಿನಿಂದ ಡೀಸೆಲ್ ದಾರಿ ತೆರೆಯುವ ವಾಲ್ವ್ ಇರುತ್ತದೆ. ಅದಕ್ಕೆ ಕರೆಂಟ್ ತಪ್ಪಿದರೆ ಡೀಸೆಲ್ ಬಂದ್. ಕೀ ಆನ್ ಮಾಡಿದಾಗ 'ಟಕ್' ಅನ್ನಬೇಕು. ಎಂಜಿನ್ ಐಡಲಿಂಗಿನಲ್ಲಿರುವಾಗ ಆ ವೈರನ್ನು ಮೆಲ್ಲಗೆ ಅಲುಗಾಡಿಸಿ. ಆಫ್ ಆದರೆ ಕಳ್ಳ ಸಿಕ್ಕಿದ. ನಮ್ಮ ಗುಂಡಿಗಳಲ್ಲಿ ಎದ್ದುಬಿದ್ದು ಆ ಕನೆಕ್ಷನ್ ಸಡಿಲ ಆಗುವುದು ಜಾಸ್ತಿ. ಕಾಮನ್ ರೈಲ್ ಗಾಡಿ (ಕಂಪ್ಯೂಟರ್ ಲೆಕ್ಕದಲ್ಲಿ ಡೀಸೆಲ್ ಹೋಗುವಂಥದ್ದು) ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಸ್ಟಾರ್ಟ್ ಆದರೆ ಎಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಇಡಿ, ಸ್ಕ್ಯಾನರ್ ಹಾಕಿಸಿ.

ಎಳೆದೆಳೆದು, ಶಕ್ತಿ ಕಳೆದುಕೊಂಡು ನಿಂತಿತಾ? ಹಾಗಾದರೆ ಡೀಸೆಲ್ ಸರಿಯಾಗಿ ಬರುತ್ತಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಆಮೇಲೆ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲಿಸಿ ಸ್ವಲ್ಪ ಡೀಸೆಲನ್ನು ಗಾಜಿನ ಬಾಟಲಿಗೆ ಹಿಡಿದು ಹತ್ತು ನಿಮಿಷ ಬಿಡಿ. ನೀರು ಸೇರಿದ್ದರೆ ತಳದಲ್ಲಿ ನಿಲ್ಲುತ್ತದೆ.

ಜನ ತುಂಬಾ ತಪ್ಪುವುದು ಏರ್ ಹಿಡಿಯುವ, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರುವ ವಿಷಯದಲ್ಲಿ. 'ಎಲ್ಲೂ ಡೀಸೆಲ್ ಸೋರುತ್ತಿಲ್ಲ, ಪೈಪ್ ಸರಿ ಇದೆ' ಅನ್ನುತ್ತಾರೆ. ಆದರೆ ಹಳೇ ಗಾಡಿಗಳಲ್ಲಿ ಹೆಚ್ಚಾಗಿ ಟ್ಯಾಂಕಿನಿಂದ ಪಂಪಿನವರೆಗೆ ಇರುವುದು ಎಳೆತ. ಬಿರುಕು ಬಿಟ್ಟ ರಬ್ಬರ್ ಪೈಪ್ ಹೊರಗೆ ಸೋರುವುದಕ್ಕಿಂತ ಹೆಚ್ಚಾಗಿ ಗಾಳಿಯನ್ನು ಒಳಗೆ ಎಳೆಯುತ್ತದೆ. ಫಿಲ್ಟರ್ ಮತ್ತು ಪಂಪ್ ನಡುವೆ ಡೀಸೆಲಿಗೆ ಹಾಳಾಗದ ಪಾರದರ್ಶಕ ಪೈಪ್ ತಾತ್ಕಾಲಿಕವಾಗಿ ಹಾಕಿ. ಐಡಲಿಂಗಿನಲ್ಲಿ ಗುಳ್ಳೆ ಬರುತ್ತಲೇ ಇದ್ದರೆ ಏರ್ ಸೇರುತ್ತಿದೆ.

ನನಗೆ ಬಹಳ ಇಷ್ಟವಾದ ಪರೀಕ್ಷೆ ಕ್ಯಾನಿನದು. ಐದು ಲೀಟರ್ ಕ್ಯಾನಿಗೆ ಶುದ್ಧ ಡೀಸೆಲ್ ಹಾಕಿ. ಟ್ಯಾಂಕಿನಿಂದ ಬರುವ ಪೈಪ್ ಬಿಚ್ಚಿ, ಅದರ ಬದಲು ಕ್ಯಾನಿನಿಂದ ಕೊಡಿ. ಮಿಕ್ಕ ಡೀಸೆಲ್ ವಾಪಸ್ ತರುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಿ, ಇಲ್ಲದಿದ್ದರೆ ಕ್ಯಾನ್ ಬೇಗ ಖಾಲಿಯಾಗುತ್ತದೆ. ಗಾಡಿ ನಿಂತಲ್ಲೇ ಇರಲಿ, ಕ್ಯಾನ್ ಸೈಲೆನ್ಸರಿನಿಂದ ದೂರ ಇರಲಿ. ಒಂದು ಗಂಟೆ ಎಂಜಿನ್ ಓಡಿಸಿ, ನಡುನಡುವೆ ರೇಸ್ ಕೊಡಿ. ಆಗ ನಿಲ್ಲದಿದ್ದರೆ ತೊಂದರೆ ಬಹುತೇಕ ಟ್ಯಾಂಕ್ ಕಡೆಯದು. ಆಗಲೂ ನಿಂತರೆ ಫಿಲ್ಟರ್ ಅಥವಾ ಪಂಪ್ ಕಡೆಯದು. ಇದನ್ನು ನಾನು ಮೊದಲೇ ಮಾಡಿದ್ದರೆ ಪಂಪ್ ಬಿಚ್ಚಿಸುತ್ತಲೇ ಇರಲಿಲ್ಲ.

ಸಿಗ್ನಲಿನಲ್ಲಿ ಮಾತ್ರ ಆಫ್ ಆದರೆ ಏರ್ ಫಿಲ್ಟರ್, ಐಡಲಿಂಗ್ ಸೆಟ್ಟಿಂಗ್ ನೋಡಿಸಿ.

ಓಡುವಾಗ ಆಫ್ ಆದರೆ ಬ್ರೇಕನ್ನು ಸುಮ್ನೆ ಪಂಪ್ ಮಾಡಬೇಡಿ. ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಒಂದೆರಡು ಸಲಕ್ಕಷ್ಟೇ ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗೂ ಬಿಗಿಯಾಗುತ್ತದೆ. ಹಝಾರ್ಡ್ ಲೈಟ್ ಹಾಕಿ, ಬ್ರೇಕನ್ನು ಒಂದೇ ಹಿಡಿತದಲ್ಲಿ ಒತ್ತಿಕೊಂಡು ಎಡಕ್ಕೆ ತನ್ನಿ.

ಪೈಪ್ ಬಿಚ್ಚಿದ ಮೇಲೆ ಬ್ಯಾಂಜೊ ಬೋಲ್ಟಿಗೆ (ಪೈಪ್ ಕೂಡಿಸುವ ತೂತಿನ ಬೋಲ್ಟ್) ಹೊಸ ತಾಮ್ರದ ವಾಷರ್ ಹಾಕಿ. ಹಳೆಯದನ್ನು ಬೆಂಗಳೂರಿನ ಜೆ.ಸಿ. ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ತೆಗೆದುಕೊಂಡು ಹೋದರೆ ಅದೇ ಅಳತೆಯದು ಕೊಡುತ್ತಾರೆ. ಹ್ಯಾಂಡ್ ಪಂಪ್ ಒತ್ತಿ ಗುಳ್ಳೆ ಪೂರ್ತಿ ಹೋಗುವವರೆಗೆ ಏರ್ ತೆಗೆಯಿರಿ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ.