ಚಾರ್ಜಿಂಗ್ ಪಿನ್ ಬದಲಿಸುವ ಮೊದಲು

ಕೇಬಲ್ಲನ್ನು ಓರೆಯಾಗಿ ಬಗ್ಗಿಸಿ ಹಿಡಿದರೆ ಚಾರ್ಜ್ ಆಗುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ರಾತ್ರಿಯಿಡೀ ಸಿಕ್ಕಿಸಿಟ್ಟ ಫೋನ್ ಬೆಳಿಗ್ಗೆ ನೋಡಿದರೆ ಎಷ್ಟಿತ್ತೋ ಅಷ್ಟೇ ಇರುತ್ತದೆ. ಇಂಥ ಹೊತ್ತಿನಲ್ಲಿ ಬಹಳಷ್ಟು ಮಂದಿ ಕೈಗೆ ಸಿಕ್ಕ ಪಿನ್ನಿನಿಂದ ಪೋರ್ಟ್ (ಕೇಬಲ್ ಸಿಕ್ಕಿಸುವ ಕಂಡಿ, ಅಂಗಡಿ ಮಾತಿನಲ್ಲಿ ‘ಚಾರ್ಜಿಂಗ್ ಪಿನ್’) ಕೆದಕುತ್ತಾರೆ, ಇಲ್ಲವೇ ನೇರವಾಗಿ ಅಂಗಡಿಗೆ ಹೋಗಿ ‘ಪಿನ್ ಹೋಗಿದೆ, ಹೊಸದು ಹಾಕಿ’ ಎನ್ನುತ್ತಾರೆ. ಎರಡೂ ಅವಸರದ ಕೆಲಸವೇ. ಪೋರ್ಟ್ ಕೆಟ್ಟಿದೆ ಎಂದು ತೋರುವ ಎಷ್ಟೋ ಫೋನುಗಳಲ್ಲಿ ನಿಜಕ್ಕೂ ಕೆಟ್ಟಿರುವುದು ಕೇಬಲ್, ಅಥವಾ ಒಳಗೆ ಜೇಬಿನ ನೂಲು, ಧೂಳು ತುಂಬಿಕೊಂಡಿರುತ್ತದೆ. ದಿನದ ದುಡಿಮೆ, ಯುಪಿಐ, ಮಕ್ಕಳ ಶಾಲೆಯ ಸಂದೇಶ, ಬ್ಯಾಂಕಿನ ಒಟಿಪಿ ಎಲ್ಲವೂ ಒಂದೇ ಫೋನಿಗೆ ಬರುವ ಮನೆಯಲ್ಲಿ, ಅದನ್ನು ಒಂದು ದಿನ ರಿಪೇರಿಗೆ ಬಿಟ್ಟು ಬರುವುದೂ ನಷ್ಟವೇ. ಖರ್ಚಿಲ್ಲದ ಪರೀಕ್ಷೆಗಳನ್ನು ಮೊದಲು ಮುಗಿಸಿ, ದುಡ್ಡು ಬೇಡುವುದನ್ನು ಕೊನೆಗೆ ಇಟ್ಟುಕೊಳ್ಳೋಣ.

ಶುರುಮಾಡುವ ಮುನ್ನ ಒಂದು ಎಚ್ಚರಿಕೆ. ಫೋನಿನ ಬೆನ್ನು ಅಥವಾ ಸ್ಕ್ರೀನ್ ಉಬ್ಬಿ ಮೇಲೆದ್ದಿದ್ದರೆ, ಪೋರ್ಟಿನಿಂದ ಸುಟ್ಟ ವಾಸನೆ ಬಂದರೆ, ಕೇಬಲ್ಲಿನ ತುದಿ ಕರಗಿದ್ದರೆ ಮನೆಯಲ್ಲಿ ಏನನ್ನೂ ಪ್ರಯತ್ನಿಸಬೇಡಿ. ಚಾರ್ಜರ್ ತೆಗೆಯಿರಿ, ಫೋನ್ ಆಫ್ ಮಾಡಿ, ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಕೆಳಗಿನ ಯಾವ ಹಂತವೂ ಅಂಥ ಫೋನಿಗೆ ಅಲ್ಲ.

ಮೊದಲ ಅನುಮಾನ ಕೇಬಲ್ ಮೇಲೆ

ಈಗಿನ ಬಹುತೇಕ ಫೋನುಗಳಲ್ಲಿರುವುದು ಟೈಪ್-ಸಿ ಪೋರ್ಟ್. 2014ರಲ್ಲಿ ಇದರ ಮಾನದಂಡ ಪ್ರಕಟವಾಯಿತು. ಐಫೋನ್ ಕೂಡ 2023ರ 15ನೇ ಸರಣಿಯಿಂದ ಇದಕ್ಕೆ ಬಂತು. ಟಾರ್ಚ್ ಬೆಳಕು ಬಿಟ್ಟು ಒಳಗೆ ನೋಡಿ: ನಡುವೆ ತೆಳುವಾದ ಒಂದು ನಾಲಿಗೆ ಕಾಣುತ್ತದೆ. ಅದರ ಮೇಲ್ಮುಖದಲ್ಲಿ 12, ಕೆಳಮುಖದಲ್ಲಿ 12, ಹೀಗೆ ಗರಿಷ್ಠ 24 ಲೋಹದ ಪಟ್ಟಿಗಳಿರುತ್ತವೆ. ಅವು ಚಪ್ಪಟೆಯಾಗಿ ಅಲುಗಾಡದೆ ಕೂತಿರುತ್ತವೆ. ಅವನ್ನು ಒತ್ತಿ ಹಿಡಿಯುವ ಪುಟ್ಟ ಸ್ಪ್ರಿಂಗುಗಳು ಇರುವುದು ಫೋನಿನಲ್ಲಲ್ಲ, ಕೇಬಲ್ಲಿನ ತುದಿಯಲ್ಲಿ. ‘ಟಕ್’ ಎಂದು ಕೂರಿಸುವ ಕೊಂಡಿಗಳೂ ಅಲ್ಲೇ. ಸವೆಯುವ ಭಾಗವನ್ನು ಅಗ್ಗದ ಕೇಬಲ್ಲಿನಲ್ಲಿಟ್ಟು, ದುಬಾರಿ ಫೋನನ್ನು ಉಳಿಸುವ ಜಾಣ ವಿನ್ಯಾಸ ಇದು.

ಈ ಪೋರ್ಟುಗಳನ್ನು 10,000 ಸಲ ಸಿಕ್ಕಿಸಿ ತೆಗೆದರೂ ತಾಳುವಂತೆ ರೂಪಿಸಲಾಗಿದೆ. ದಿನಕ್ಕೆ ಎರಡು ಸಲ ಚಾರ್ಜಿಗೆ ಹಾಕಿದರೂ ಲೆಕ್ಕ 13 ವರ್ಷ ದಾಟುತ್ತದೆ. ಅಷ್ಟರೊಳಗೆ ಫೋನೇ ಬದಲಾಗಿರುತ್ತದೆ. ಹಾಗಾಗಿ ಬರೀ ಬಳಕೆಯಿಂದ ಪೋರ್ಟ್ ಸವೆದು ಸಾಯುವುದು ಅಪರೂಪ. ಅದನ್ನು ಕೊಲ್ಲುವುದು ಕಸ, ನೀರು ಮತ್ತು ಅಡ್ಡ ಒತ್ತಡ.

ಪರೀಕ್ಷೆ ಹೀಗೆ. ಬೇರೆ ಕೇಬಲ್ ಹಾಕಿ ನೋಡಿ. ಆಗದಿದ್ದರೆ ಬೇರೆ ಅಡಾಪ್ಟರ್. ಆಮೇಲೆ ಗೋಡೆಯ ಬೇರೆ ಸಾಕೆಟ್. ಒಂದೊಂದನ್ನೇ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದು ಎಂದು ತಿಳಿಯುವುದಿಲ್ಲ. ನಿಮ್ಮ ಕೇಬಲ್ಲನ್ನು ಮನೆಯ ಇನ್ನೊಬ್ಬರ ಫೋನಿಗೆ ಸಿಕ್ಕಿಸಿಯೂ ನೋಡಿ. ಅಲ್ಲೂ ಸಡಿಲವಾಗಿದ್ದರೆ ಕೇಬಲ್ಲಿಗೆ ವಿದಾಯ ಹೇಳಿ.

ಇನ್ನೊಂದು ಸುಳಿವು ತುಂಬ ಉಪಯುಕ್ತ, ಆದರೆ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಟೈಪ್-ಸಿ ಪ್ಲಗ್ಗನ್ನು ತಿರುಗಿಸಿ ಹಾಕಿ. ಒಂದು ಮಗ್ಗುಲಲ್ಲಿ ಚಾರ್ಜ್ ಆಗಿ, ಇನ್ನೊಂದರಲ್ಲಿ ಆಗದಿದ್ದರೆ ನಾಲಿಗೆಯ ಒಂದು ಬದಿಯ ಪಟ್ಟಿಗಳ ಮೇಲೆ ಕೊಳೆ ಕೂತಿದೆ ಅಥವಾ ಪೆಟ್ಟು ಬಿದ್ದಿದೆ ಎಂದರ್ಥ. ಇದೇ ದೋಷ ಕೇಬಲ್ಲಿನಲ್ಲೂ ಇರಬಹುದು, ಆದ್ದರಿಂದ ಎರಡು ಕೇಬಲ್ಲುಗಳಲ್ಲಿ ನೋಡಿಯೇ ತೀರ್ಮಾನಕ್ಕೆ ಬನ್ನಿ. ಚಾರ್ಜ್ ಆಗುತ್ತದೆ, ಆದರೆ ‘ಫಾಸ್ಟ್ ಚಾರ್ಜಿಂಗ್’ ಬರುವುದಿಲ್ಲ ಎನ್ನುವುದೂ ಸಂಪರ್ಕ ಸರಿಯಿಲ್ಲದ ಲಕ್ಷಣ. ಎಷ್ಟು ವಿದ್ಯುತ್ ಕೊಡಬೇಕೆಂದು ಚಾರ್ಜರ್ ಮತ್ತು ಫೋನ್ ಕೆಲವು ಬೇರೆ ಪಟ್ಟಿಗಳ ಮೂಲಕ ಮಾತಾಡಿಕೊಳ್ಳುತ್ತವೆ. ಅಲ್ಲಿ ಕೊಳೆ ಕೂತರೆ ಮಾತು ಮುರಿದು, ಫೋನ್ ನಿಧಾನದ ಚಾರ್ಜಿಗೆ ಇಳಿಯುತ್ತದೆ. ಆದರೆ ಕೆಲವು ಕಂಪನಿಗಳ ಫಾಸ್ಟ್ ಚಾರ್ಜಿಂಗ್ ಅವರದೇ ಅಡಾಪ್ಟರ್ ಮತ್ತು ಕೇಬಲ್ಲಿಗೆ ಮಾತ್ರ ಒಲಿಯುತ್ತದೆ ಎಂಬುದು ನೆನಪಿರಲಿ.

ಸಾಫ್ಟ್‌ವೇರ್ ವಿಷಯ ಎರಡೇ ಮಾತು. ಒಮ್ಮೆ ರೀಸ್ಟಾರ್ಟ್ ಮಾಡಿ. ಶೇ 80ಕ್ಕೆ ಬಂದು ನಿಂತರೆ ಅದು ಬ್ಯಾಟರಿ ಉಳಿಸುವ ಸೆಟ್ಟಿಂಗ್ ಇರಬಹುದು. ಬಿಸಿಲಲ್ಲಿ ಕಾದ ಫೋನ್ ತಾನೇ ಚಾರ್ಜಿಂಗ್ ತಡೆಯುತ್ತದೆ, ತಣ್ಣಗಾದರೆ ಸರಿಹೋಗುತ್ತದೆ.

ಕಸ ತೆಗೆಯುವ ಬಗೆ

ಪ್ಲಗ್ ಪೂರ್ತಿ ಒಳಗೆ ಹೋಗದೆ ಬುಡದಲ್ಲಿ ಕೂದಲೆಳೆಗಿಂತ ಹೆಚ್ಚು ಸಂದು ಕಾಣುತ್ತಿದೆಯೇ? ಸಿಕ್ಕಿಸುವಾಗ ಮೊದಲಿನ ‘ಟಕ್’ ಇಲ್ಲದೆ ಮೆತ್ತಗೆ ತಡೆದಂತಾಗುತ್ತದೆಯೇ? ಹಾಗಿದ್ದರೆ ಒಳಗೆ ಕಸವಿದೆ. ಪ್ಯಾಂಟ್ ಜೇಬಿನ ನೂಲು ಪೋರ್ಟಿಗೆ ಬೀಳುತ್ತದೆ, ಪ್ರತಿ ಸಲ ಕೇಬಲ್ ಸಿಕ್ಕಿಸಿದಾಗ ಅದನ್ನು ನಾವೇ ಹಿಂಗೋಡೆಗೆ ಒತ್ತಿ ಗಟ್ಟಿ ಮಾಡುತ್ತೇವೆ. ತಿಂಗಳುಗಟ್ಟಲೆ ಹೀಗಾದರೆ ಅದು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂರುತ್ತದೆ. ಮೇಲಿಂದ ನೋಡಿದರೆ ಪೋರ್ಟಿನ ತಳವೇ ಇದು ಅನ್ನಿಸುವಷ್ಟು ಸಪಾಟಾಗಿರುತ್ತದೆ. ಬಹಳ ಜನ ‘ಒಳಗೇನೂ ಇಲ್ಲ’ ಎಂದು ಮೋಸಹೋಗುವುದು ಇಲ್ಲೇ. ಮಗ್ಗದ ಮನೆ, ಹಿಟ್ಟಿನ ಗಿರಣಿ, ಗಾರೆ ಕೆಲಸದವರ ಫೋನುಗಳಲ್ಲಿ ಇದು ಬೇಗ ಆಗುತ್ತದೆ. ಸಿಮೆಂಟಿನ ಪುಡಿಗೆ ಬೆವರು ತಾಗಿದರಂತೂ ಕಲ್ಲೇ.

ಸಲಕರಣೆ ಲೋಹದ್ದಾಗಬಾರದು. ಸೂಜಿ, ಸೇಫ್ಟಿ ಪಿನ್, ಸಿಮ್ ತೆಗೆಯುವ ಕಡ್ಡಿ, ತಂತಿ ಇರುವ ಹಲ್ಲಿನ ಬ್ರಷ್ ಯಾವುದೂ ಬೇಡ. ಲೋಹ ಎರಡು ಪಟ್ಟಿಗಳನ್ನು ಒಟ್ಟಿಗೆ ಮುಟ್ಟಿ ಶಾರ್ಟ್ ಮಾಡಬಹುದು, ಪಟ್ಟಿಯ ಮೇಲಿನ ಚಿನ್ನದ ಲೇಪ ಕೆರೆಯಬಹುದು. ನಾಲಿಗೆ ಕೇವಲ 0.7 ಮಿಲಿಮೀಟರ್ ದಪ್ಪ, ಒಂದು ಮೀಟಿಗೆ ಮುರಿಯುತ್ತದೆ. ಅದರ ಮೇಲೆ, ಕೆಳಗೆ ಇರುವ ಜಾಗ ಒಂದೊಂದು ಮಿಲಿಮೀಟರಿಗೂ ಕಡಿಮೆ, ಹಾಗಾಗಿ ಸಾಮಾನ್ಯ ಟೂತ್‌ಪಿಕ್ ಹಾಗೆಯೇ ಹೋಗುವುದಿಲ್ಲ. ಬ್ಲೇಡಿನಿಂದ ತುದಿಯನ್ನು ಚಪ್ಪಟೆಯಾಗಿ ತೆಳ್ಳಗೆ ಹೆರೆದುಕೊಳ್ಳಬೇಕು. ಹಲ್ಲಿನ ಸಂದು ಸ್ವಚ್ಛಮಾಡುವ ಪ್ಲಾಸ್ಟಿಕ್ ಫ್ಲಾಸ್ ಪಿಕ್ಕಿನ ಚೂಪು ತುದಿಯೂ ಆಗುತ್ತದೆ. ನನ್ನ ಮಟ್ಟಿಗೆ ಹೊಸ ಕಸಬರಿಗೆಯಿಂದ ಕಿತ್ತ ಒಣ ತೆಂಗಿನ ಕಡ್ಡಿಯ ತೆಳು ತುದಿ ಇದಕ್ಕೆ ಹೇಳಿ ಮಾಡಿಸಿದ್ದು. ಬಳುಕುತ್ತದೆ, ಆದರೆ ಸುಲಭಕ್ಕೆ ಮುರಿಯುವುದಿಲ್ಲ.

ಫೋನ್ ಪೂರ್ತಿ ಆಫ್ ಮಾಡಿ. ಇನ್ನೊಂದು ಫೋನಿನ ಟಾರ್ಚನ್ನು ಪೋರ್ಟಿನ ಕಡೆ ತಿರುಗಿಸಿಟ್ಟುಕೊಳ್ಳಿ. ಕಡ್ಡಿಯನ್ನು ನಾಲಿಗೆಯ ಮೇಲೆ ಉಜ್ಜಬೇಡಿ. ಪೋರ್ಟಿನ ಎಡ ಅಥವಾ ಬಲ ತುದಿಯಲ್ಲಿ, ನಾಲಿಗೆಗೂ ಹೊರಗಿನ ಲೋಹದ ಚೌಕಟ್ಟಿಗೂ ನಡುವೆ ಮೆಲ್ಲಗೆ ಇಳಿಸಿ. ಹಿಂಗೋಡೆ ಮುಟ್ಟಿದ ಮೇಲೆ ಚೌಕಟ್ಟಿಗೆ ಒರಗಿಸಿಕೊಂಡೇ ಹೊರಗೆ ಎಳೆಯಿರಿ. ಒತ್ತುವ ಕೆಲಸ ಬೇಡ, ಎಳೆಯುವ ಕೆಲಸ ಮಾತ್ರ. ಮೊದಲು ಒಂದೆರಡು ನೂಲೆಳೆ ಬರುತ್ತದೆ. ಆಮೇಲೆ ಒಮ್ಮೆಲೇ ಒಂದು ಉಂಡೆ ಬಂದೀತು. ನಡುನಡುವೆ ಪೋರ್ಟ್ ಕೆಳಮುಖವಾಗಿರುವಂತೆ ಫೋನನ್ನು ಅಂಗೈಗೆ ತಟ್ಟಿ. ಎರಡೂ ಬದಿ ಮುಗಿದ ಮೇಲೆ ಒಣಗಿದ ಮೃದು ಬ್ರಷ್ ಆಡಿಸಿ ಸಾಕು ಮಾಡಿ. ಕಡ್ಡಿಯ ಚೂರು ಒಳಗೆ ಉಳಿದಿಲ್ಲ ಎಂದು ಖಚಿತವಾದ ಮೇಲಷ್ಟೇ ಕೇಬಲ್ ಹಾಕಿ.

ಬಾಯಲ್ಲಿ ಊದಬೇಡಿ, ಉಸಿರಿನ ತೇವ ಒಳಗೆ ಕೂರುತ್ತದೆ. ಒತ್ತಿ ತುಂಬಿದ ಗಾಳಿಯ ಕ್ಯಾನ್ ಬೇಡವೆಂದು ಆಪಲ್ ಕಂಪನಿಯೇ ಹೇಳುತ್ತದೆ. ಹಳೆಯ ಐಫೋನುಗಳ ಲೈಟ್ನಿಂಗ್ ಪೋರ್ಟಿನಲ್ಲಿ ನಡುವೆ ನಾಲಿಗೆ ಇಲ್ಲ, ಸ್ಪ್ರಿಂಗ್ ಪಟ್ಟಿಗಳು ಪೋರ್ಟಿನ ಗೋಡೆಯಲ್ಲೇ ಇವೆ. ಅಲ್ಲಿ ತಳದ ಕಸವನ್ನಷ್ಟೇ ಇನ್ನೂ ಹಗುರ ಕೈಯಲ್ಲಿ ತೆಗೆಯಬೇಕು.

ಪಟ್ಟಿಗಳ ಮೇಲೆ ಹಸಿರು ಅಥವಾ ಕಪ್ಪು ಕಲೆ ಕಂಡರೆ ಅದು ತುಕ್ಕು. ಶೇ 99ರ ಐಸೊಪ್ರೊಪೈಲ್ ಆಲ್ಕೋಹಾಲನ್ನು ಮೃದು ನೈಲಾನ್ ಬ್ರಷ್‌ಗೆ ಸ್ವಲ್ಪವೇ ಸೋಕಿಸಿ ಹಗುರವಾಗಿ ಒರೆಸಿ, ಪೂರ್ತಿ ಆರಲು ಬಿಡಿ. ಮೊಬೈಲ್ ಬಿಡಿಭಾಗದ ಅಂಗಡಿಗಳಲ್ಲಿ ಇದು ಸಿಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರೂ ಗ್ಲಿಸರಿನ್ನೂ ಇರುತ್ತವೆ. ನೇಲ್ ಪಾಲಿಶ್ ಅಳಿಸುವ ದ್ರವ ಪ್ಲಾಸ್ಟಿಕ್ಕನ್ನೇ ಕರಗಿಸೀತು.

ಮಳೆಯಲ್ಲಿ ನೆನೆದರೆ

ಕರಾವಳಿ, ಮಲೆನಾಡಿನವರಿಗೆ ಜೂನ್ ಬಂತೆಂದರೆ ಈ ತಲೆನೋವು ಶುರು. ಊಟ, ಪಾರ್ಸೆಲ್ ತಲುಪಿಸುವ ಬೈಕ್ ಸವಾರರಿಗೆ ಎಲ್ಲ ಊರಲ್ಲೂ. ಒದ್ದೆ ಪೋರ್ಟಿಗೆ ಅಪಾಯ ನೀರಿನಿಂದಷ್ಟೇ ಅಲ್ಲ, ನೀರು ಮತ್ತು ವಿದ್ಯುತ್ ಕೂಡಿದಾಗ. ತೇವವಿರುವಾಗ ಚಾರ್ಜರ್ ಸಿಕ್ಕಿಸಿದರೆ ಪಟ್ಟಿಗಳ ನಡುವೆ ವಿದ್ಯುದ್ವಿಭಜನೆ ನಡೆದು, ವಿದ್ಯುತ್ ಹರಿಯುವ ಪಟ್ಟಿಯ ಲೋಹವೇ ಕರಗತೊಡಗುತ್ತದೆ. ಸುಮ್ಮನೆ ಒಣಗಲು ಬಿಟ್ಟಿದ್ದರೆ ಏನೂ ಆಗದಿರುತ್ತಿದ್ದ ಪೋರ್ಟ್, ಆ ಒಂದು ಅವಸರಕ್ಕೆ ಹೋಗಿಬಿಡುತ್ತದೆ. ಸ್ಕ್ರೀನಿನಲ್ಲಿ ನೀರಿನ ಹನಿಯ ಚಿತ್ರ ಬಂದರೆ ಫೋನ್ ತನ್ನನ್ನು ಉಳಿಸಿಕೊಳ್ಳುತ್ತಿದೆ ಎಂದು ತಿಳಿಯಿರಿ. ದಯವಿಟ್ಟು ಅದನ್ನು ಅಳಿಸಿ ಮುಂದುವರಿಯಬೇಡಿ.

ಕೇಬಲ್ ತೆಗೆಯಿರಿ. ಪೋರ್ಟ್ ಕೆಳಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿ ಆಡುವಲ್ಲಿ ಇಡಿ. ಕನಿಷ್ಠ ಅರ್ಧ ಗಂಟೆ ಬಿಟ್ಟು ನೋಡಿ. ಪೂರ್ತಿ ಒಣಗಲು ಒಂದು ದಿನವೂ ಹಿಡಿಯಬಹುದು. ಹೇರ್ ಡ್ರೈಯರ್, ಒಲೆಯ ಪಕ್ಕ, ಹತ್ತಿಯ ಕಡ್ಡಿ, ಮಡಚಿದ ಕಾಗದ ಬೇಡ. ಅಕ್ಕಿ ಡಬ್ಬಿಯೂ ಬೇಡ: ಅಕ್ಕಿಯ ಪುಡಿ ಪೋರ್ಟಿನೊಳಗೆ ಸೇರಿ ಹೊಸ ತೊಂದರೆ ತರುತ್ತದೆ, ಆಪಲ್ ಕೂಡ ಇದನ್ನು ಸ್ಪಷ್ಟವಾಗಿ ಬೇಡವೆಂದಿದೆ. ತುರ್ತಿದ್ದರೆ, ವೈರ್‌ಲೆಸ್ ಚಾರ್ಜಿಂಗ್ ಇರುವ ಫೋನಾದರೆ, ಬೆನ್ನು ಒರೆಸಿ ಅದನ್ನು ಬಳಸಿ.

ಬಿದ್ದದ್ದು ಸಮುದ್ರದ ನೀರು, ಚಹಾ, ಎಳನೀರಾದರೆ ಲೆಕ್ಕ ಬೇರೆ. ನೀರು ಆರಿದರೂ ಉಪ್ಪು, ಸಕ್ಕರೆ ಒಳಗೇ ಉಳಿಯುತ್ತವೆ. ಐಪಿ 68ರಂಥ ಜಲನಿರೋಧಕ ದರ್ಜೆಯ ಫೋನನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಬಹುದು. ಆ ದರ್ಜೆ ಇಲ್ಲದ ಅಥವಾ ಒಮ್ಮೆ ಬಿಚ್ಚಿ ರಿಪೇರಿಯಾದ ಫೋನನ್ನು ಆಫ್ ಮಾಡಿ ರಿಪೇರಿಯವರ ಕೈಗೇ ಕೊಡಿ.

ಎಲ್ಲೂ ನೆನೆಯದಿದ್ದರೂ ಎಚ್ಚರಿಕೆ ಬರುತ್ತಿದ್ದರೆ ಪೋರ್ಟಿನ ಅಥವಾ ಕೇಬಲ್ ತುದಿಯ ಕೊಳೆ ಕಾರಣವಿರಬಹುದು. ಎರಡನ್ನೂ ಒಣದಾಗಿ ಸ್ವಚ್ಛಮಾಡಿ. ಸ್ಯಾಮ್‌ಸಂಗ್ ಫೋನಾದರೆ ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಸಿಸ್ಟಮ್ ಆ್ಯಪ್‌ಗಳು ಕಾಣುವಂತೆ ಮಾಡಿ, ‘ಯುಎಸ್‌ಬಿ ಸೆಟ್ಟಿಂಗ್ಸ್’ ತೆರೆದು ಅದರ ಕ್ಯಾಶ್ (ತಾತ್ಕಾಲಿಕವಾಗಿ ಉಳಿಸಿಟ್ಟ ಮಾಹಿತಿ) ಅಳಿಸಿ, ರೀಸ್ಟಾರ್ಟ್ ಮಾಡಿ.

ಮುಂದೆ ಕೆಡದಂತೆ

ಅಡ್ಡ ಒತ್ತಡವೇ ದೊಡ್ಡ ಶತ್ರು. ಪವರ್ ಬ್ಯಾಂಕ್ ಮತ್ತು ಫೋನನ್ನು ಕೇಬಲ್ ಸಮೇತ ಒಂದೇ ಜೇಬಿಗೆ ತುರುಕಿ ನಡೆದರೆ, ಪ್ರತಿ ಹೆಜ್ಜೆಗೂ ಪ್ಲಗ್ ಒಳಗಿನ ನಾಲಿಗೆಯನ್ನು ಮೀಟುತ್ತದೆ. ಮಲಗಿ ಎದೆಯ ಮೇಲೆ ಪ್ಲಗ್ ಊರಿ ವಿಡಿಯೊ ನೋಡುವುದೂ ಅಷ್ಟೇ. ಚಾರ್ಜ್ ಮಾಡುತ್ತಲೇ ಬಳಸುವವರು ಎಲ್ ಆಕಾರದ ತುದಿಯ ಕೇಬಲ್ ತೆಗೆದುಕೊಳ್ಳಿ. ತೆಗೆಯುವಾಗ ವೈರ್ ಹಿಡಿದು ಜಗ್ಗದೆ ಪ್ಲಗ್ ಹಿಡಿದು ನೇರಕ್ಕೆ ಎಳೆಯಿರಿ. ಜೇಬಿನಲ್ಲಿ ಪೋರ್ಟ್ ಮೇಲೆ ಬರುವಂತೆ ಫೋನ್ ಇಟ್ಟರೆ ನೂಲು, ಬೆವರು ಎರಡೂ ಕಡಿಮೆ. ಧೂಳಿನ ಕೆಲಸದವರಿಗೆ ರಬ್ಬರ್ ಮುಚ್ಚಳ ಒಳ್ಳೆಯದು, ಆದರೆ ಒದ್ದೆ ಪೋರ್ಟಿಗೆ ಹಾಕಿದರೆ ತೇವ ಒಳಗೇ ಉಳಿಯುತ್ತದೆ. ಅಯಸ್ಕಾಂತದಿಂದ ಅಂಟುವ ತುದಿಗಳನ್ನು ನಾನು ಶಿಫಾರಸು ಮಾಡುವುದಿಲ್ಲ: ಯುಎಸ್‌ಬಿ ಮಾನದಂಡದಲ್ಲಿ ಅವುಗಳಿಗೆ ಜಾಗವಿಲ್ಲ, ತೆರೆದ ಪಟ್ಟಿಗಳಿಗೆ ಕಬ್ಬಿಣದ ಚೂರು ಅಂಟಿದರೆ ಶಾರ್ಟ್ ಆಗಬಹುದು.

ಅಡಾಪ್ಟರ್ ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ.

ಅಂಗಡಿಗೆ ಹೋಗಲೇಬೇಕಾದಾಗ

ಕೇಬಲ್ ಬದಲಿಸಿ, ಕಸ ತೆಗೆದು, ಒಣಗಿಸಿ ನೋಡಿದರೂ ಆಗದಿದ್ದರೆ, ನಾಲಿಗೆ ಮುರಿದು ಓರೆಯಾಗಿದ್ದರೆ, ರಿಪೇರಿ ಬೇಕೇ ಬೇಕು. ವಾರಂಟಿ ಇದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಹೋಗಿ. ಬ್ಯಾಟರಿಯಲ್ಲಿ ಸ್ವಲ್ಪ ಜೀವ ಇರುವಾಗಲೇ ಫೋಟೊ, ನಂಬರುಗಳನ್ನು ಬ್ಯಾಕಪ್ ಮಾಡಿ. ಸತ್ತ ಫೋನಿನಿಂದ ಅವನ್ನು ತೆಗೆಯುವುದು ಪೋರ್ಟ್ ಹಾಕಿಸುವುದಕ್ಕಿಂತ ಕಷ್ಟ. ಸಿಮ್ ಮತ್ತು ಮೆಮೊರಿ ಕಾರ್ಡ್ ತೆಗೆದಿಟ್ಟುಕೊಳ್ಳಿ. ಸ್ಯಾಮ್‌ಸಂಗ್‌ನ ‘ಮೇಂಟೆನೆನ್ಸ್ ಮೋಡ್’, ಪಿಕ್ಸೆಲ್‌ನ ‘ರಿಪೇರ್ ಮೋಡ್’ ಹಾಕಿ ಕೊಟ್ಟರೆ ನಿಮ್ಮ ಖಾಸಗಿ ಮಾಹಿತಿ ಕಾಣುವುದಿಲ್ಲ.

ಕೌಂಟರಿನಲ್ಲಿ ಮೊದಲು ಕೇಳಬೇಕಾದ್ದು: ಈ ಮಾದರಿಯಲ್ಲಿ ಪೋರ್ಟ್ ಬೇರೆ ಚಿಕ್ಕ ಬೋರ್ಡಿನಲ್ಲಿದೆಯೋ, ಮುಖ್ಯ ಬೋರ್ಡಿಗೇ ಬೆಸುಗೆಯಾಗಿದೆಯೋ? ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದು ರಿಪೇರಿಯವರು ‘ಸಿಸಿ ಬೋರ್ಡ್’ ಅಥವಾ ‘ಸಬ್ ಬೋರ್ಡ್’ ಎನ್ನುವ ಚಿಕ್ಕ ಬೋರ್ಡಿನ ಮೇಲಿರುತ್ತದೆ. ಅದನ್ನು ಬಿಚ್ಚಿ ಬದಲಿಸುವುದು ಸುಲಭ. ಮುಖ್ಯ ಬೋರ್ಡಿನಲ್ಲಿದ್ದರೆ ಬಿಸಿಗಾಳಿಯಲ್ಲಿ ಬೆಸುಗೆ ಬಿಡಿಸಬೇಕು, ಅನುಭವಿ ಕೈಯೇ ಬೇಕು. ಬಿಡಿಭಾಗ ಅಸಲಿಯೇ, ಫಾಸ್ಟ್ ಚಾರ್ಜಿಂಗ್ ಉಳಿಯುತ್ತದೆಯೇ ಎಂದೂ ಕೇಳಿ. ನಕಲಿ ಬೋರ್ಡ್ ಹಾಕಿದ ಮೇಲೆ ನಿಧಾನ ಚಾರ್ಜಿಂಗ್ ಮಾತ್ರ ಉಳಿದವರು ಬಹಳ ಮಂದಿ. ಬಿಚ್ಚಿದ ಫೋನಿನ ಜಲನಿರೋಧಕತೆಯನ್ನು ಮತ್ತೆ ನಂಬಬೇಡಿ.

ದುಡ್ಡು ಕೊಡುವ ಮುನ್ನ ಅಲ್ಲೇ ನಿಂತು ನೋಡಿ. ಪ್ಲಗ್ಗನ್ನು ಎರಡೂ ಮಗ್ಗುಲಲ್ಲಿ ಹಾಕಿ, ನಿಮ್ಮದೇ ಚಾರ್ಜರಿನಲ್ಲಿ ಫಾಸ್ಟ್ ಚಾರ್ಜಿಂಗ್ ಬರುತ್ತದೆಯೇ ಗಮನಿಸಿ. ಆ ಚಿಕ್ಕ ಬೋರ್ಡಿನಲ್ಲೇ ಸಾಮಾನ್ಯವಾಗಿ ಮೈಕ್ ಇರುತ್ತದೆ, ಆಂಟೆನಾದ ತಂತಿಯೂ ಅಲ್ಲಿಗೇ ಬಂದು ಸೇರುತ್ತದೆ. ಹಾಗಾಗಿ ಸಿಮ್ ಹಾಕಿ ಯಾರಿಗಾದರೂ ಕರೆಮಾಡಿ, ನಿಮ್ಮ ಧ್ವನಿ ಸ್ಪಷ್ಟವಾಗಿ ಕೇಳುತ್ತಿದೆಯೇ ಎಂದು ಕೇಳಿ, ಸಿಗ್ನಲ್ ಕಡ್ಡಿಗಳು ಮೊದಲಿನಷ್ಟೇ ಇವೆಯೇ ನೋಡಿ. ಬಿಲ್ಲಿನ ಮೇಲೆ ಬಿಡಿಭಾಗದ ಹೆಸರನ್ನೂ ಎಷ್ಟು ದಿನದ ಗ್ಯಾರಂಟಿ ಎಂಬುದನ್ನೂ ಬರೆಸಿಕೊಂಡು, ತೆಗೆದ ಹಳೆಯ ಬೋರ್ಡನ್ನು ಕೇಳಿ ಪಡೆಯಿರಿ.