ಸಿಲಿಂಡರ್‌ಗೆ ಬೆಂಕಿ ಹತ್ತಿದರೆ ಮೊದಲು ಗ್ಯಾಸ್ ನಿಲ್ಲಿಸಿ

ರೆಗ್ಯುಲೇಟರ್ ಬಳಿ ಬೆಂಕಿ ಕಂಡಾಗ ಬಹುತೇಕರು ಬಿಂದಿಗೆ ನೀರು ಹುಡುಕುತ್ತಾರೆ. ಹುಡುಕಬೇಕಾದದ್ದು ರೆಗ್ಯುಲೇಟರ್‌ನ ಗುಬುಟು (ತಿರುಗಿಸುವ ನಾಬ್). ಉರಿಯುವುದು ಹೊರಬಂದ ಗ್ಯಾಸ್ ಮಾತ್ರ. ಸಿಲಿಂಡರ್ ಒಳಗೆ ಗಾಳಿಯಿಲ್ಲ, ಅಲ್ಲಿ ಬೆಂಕಿ ಹೊತ್ತಿಕೊಳ್ಳದು. ಆದರೆ ಹೊರಗಿನ ಬೆಂಕಿಯಲ್ಲಿ ಸಿಲಿಂಡರ್ ಕಾಯುತ್ತಾ ಹೋದರೆ ಒತ್ತಡ ಏರಿ ಸಿಡಿಯಬಹುದು. ಆದ್ದರಿಂದ ಪ್ರಯತ್ನ ಒಂದೇ ಬಾರಿ, ಅದೂ ಬೆಂಕಿ ಚಿಕ್ಕದಾಗಿದ್ದು, ನಿಮ್ಮ ಬೆನ್ನ ಹಿಂದೆ ಬಾಗಿಲು ತೆರೆದಿದ್ದರೆ ಮಾತ್ರ.

ಮಕ್ಕಳು, ಹಿರಿಯರನ್ನು ಮೊದಲು ಹೊರಗೆ ಕಳಿಸಿ. ದಪ್ಪ ಹತ್ತಿ ಬೆಡ್‌ಶೀಟ್ ಅಥವಾ ಗೋಣಿಚೀಲವನ್ನು ಪೂರ್ತಿ ನೆನೆಸಿ. ನೈಲಾನ್, ಪಾಲಿಯೆಸ್ಟರ್ ಬೇಡ, ಕರಗಿ ಕೈಗೆ ಅಂಟುತ್ತದೆ. ಒದ್ದೆ ಬಟ್ಟೆಯನ್ನು ಎದುರಿಗೆ ಹಿಡಿದು, ಜ್ವಾಲೆ ಚಾಚಿದ ದಿಕ್ಕನ್ನು ಬಿಟ್ಟು ಪಕ್ಕದಿಂದ ಹೋಗಿ. ಬಟ್ಟೆಯನ್ನು ನಿಮ್ಮ ಕಡೆಯಿಂದ ಆಚೆಗೆ ಹೊದಿಸಿ, ಅದರ ಮೇಲಿಂದಲೇ ಗುಬುಟನ್ನು ಆಫ್ ಮಾಡಿ. ಸಿಲಿಂಡರ್ ನೆಟ್ಟಗೇ ನಿಂತಿರಲಿ. ಉರುಳಿದರೆ ದ್ರವವೇ ಹೊರಬರುತ್ತದೆ. ಒಂದು ಲೀಟರ್ ದ್ರವ ಸುಮಾರು 250 ಲೀಟರ್ ಗ್ಯಾಸ್ ಆಗಿ ಹರಡುತ್ತದೆ.

ಗುಬುಟು ತಿರುಗದಿದ್ದರೆ, ಅಥವಾ ಆಫ್ ಮಾಡಿದ ಮೇಲೂ ವಾಲ್ವ್‌ನಲ್ಲಿ ಉರಿ ನಿಲ್ಲದಿದ್ದರೆ, ಜ್ವಾಲೆ ನಂದಿಸಲು ಹೋಗಬೇಡಿ. ಗ್ಯಾಸ್ ನಿಲ್ಲದೆ ಬೆಂಕಿ ಮಾತ್ರ ನಂದಿದರೆ, ಗಾಳಿಗಿಂತ ಭಾರವಾದ ಆ ಗ್ಯಾಸ್ ನೆಲದ ಮೇಲೆ ತುಂಬಿಕೊಂಡು, ಫ್ರಿಜ್‌ನ ಒಂದು ಕಿಡಿಗೆ ಇಡೀ ಮನೆಯೇ ಹಾರಬಹುದು. ಅಡುಗೆಮನೆಯ ಬಾಗಿಲು ಎಳೆದುಕೊಂಡು ಹೊರನಡೆಯಿರಿ, ಅಕ್ಕಪಕ್ಕದವರನ್ನೂ ಕರೆಯಿರಿ. ಅಪಾರ್ಟ್‌ಮೆಂಟ್‌ನಲ್ಲಿ ಲಿಫ್ಟ್ ಬಳಸಬೇಡಿ. ಹೊರಗೆ ಬಂದ ಮೇಲೆ 112 ಅಥವಾ 101ಕ್ಕೆ ಕರೆ ಮಾಡಿ, ಒಳಗೆ ಎಷ್ಟು ಸಿಲಿಂಡರ್ ಇವೆಯೆಂದು ಹೇಳಿ. ಮೂಲೆಯಲ್ಲಿಟ್ಟ ತುಂಬಿದ ಸಿಲಿಂಡರ್ ಅನ್ನು ಹೆಚ್ಚಿನವರು ಹೇಳಲು ಮರೆಯುತ್ತಾರೆ, ಅಗ್ನಿಶಾಮಕ ಸಿಬ್ಬಂದಿಗೆ ಬಹಳ ಮುಖ್ಯವಾದ ಮಾಹಿತಿ ಅದೇ.

ಬೆಂಕಿ ನಂದಿದರೆ ಸ್ವಿಚ್ ಹಾಕಬೇಡಿ, ಆಫ್ ಕೂಡ ಮಾಡಬೇಡಿ. ಕಿಟಕಿ ತೆರೆದು ಹೊರಬನ್ನಿ. ಬೆಂಕಿಯಿಲ್ಲದೆ ವಾಸನೆ ಮಾತ್ರ ಬರುತ್ತಿದ್ದರೆ ರೆಗ್ಯುಲೇಟರ್ ಆಫ್ ಮಾಡಿ, ಬಿಚ್ಚಿ, ಬಿಳಿ ಸೇಫ್ಟಿ ಕ್ಯಾಪ್ ಒತ್ತಿ, ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ತಿಳಿಸಿ. ಸುಟ್ಟ ಗಾಯವನ್ನು ನಲ್ಲಿಯ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ತುಪ್ಪ, ಮಂಜುಗಡ್ಡೆ ಯಾವುದೂ ಬೇಡ.

ಇಂದೇ ಮಾಡಬೇಕಾದ ಕೆಲಸವೂ ಇದೆ. ಅಕ್ಕಿ ಚೀಲ, ಡಬ್ಬಗಳ ಹಿಂದೆ ಸಿಲಿಂಡರ್ ಇದ್ದರೆ ಹೊರಗೆಳೆಯಿರಿ, ಗುಬುಟು ನೇರ ಕೈಗೆ ಸಿಗಬೇಕು. ಪೈಪ್ ಮೇಲಿನ ವರ್ಷ ನೋಡಿ, 5 ವರ್ಷ ದಾಟಿದ್ದರೆ ಬದಲಿಸಿ. ಹೊಸ ಸಿಲಿಂಡರ್ ಬಂದಾಗ ವಾಲ್ವ್ ಒಳಗೆ ರಬ್ಬರ್ ವಾಷರ್ ಇದೆಯೇ ಎಂದು ಡೆಲಿವರಿಯವರ ಎದುರೇ ನೋಡಿ, ಜೋಡಿಸಿದ ಮೇಲೆ ಸಾಬೂನು ನೀರು ಹಚ್ಚಿ. ಗುಳ್ಳೆ ಎದ್ದರೆ ಒಲೆ ಹಚ್ಚುವ ಮಾತೇ ಇಲ್ಲ. ಕ್ಯಾಪನ್ನು ಅದರ ದಾರದಲ್ಲೇ ಸಿಲಿಂಡರ್‌ಗೆ ನೇತಾಡಲು ಬಿಡಿ.