ಅಂಗಳಕ್ಕೆ ಸೋಲಾರ್ ದೀಪ: ಮೊದಲು ಬಿಸಿಲು ಹುಡುಕಿ

ಮೈಸೂರಿನ ನಮ್ಮ ಮನೆಗೆ ಆರು ಸೋಲಾರ್ ದೀಪ ತಂದು ಗೇಟಿನಿಂದ ಬಾಗಿಲವರೆಗೆ ಸಾಲಾಗಿ ನೆಟ್ಟಿದ್ದೆ. ಮೊದಲ ದಿನ ಮನೆಮಂದಿಗೆಲ್ಲ ಖುಷಿ. ವಾರ ಕಳೆದ ಮೇಲೆ ನೋಡಿದರೆ, ಮಾವಿನ ಮರದ ಕೆಳಗಿನ ಎರಡು ದೀಪ ರಾತ್ರಿ ಎಂಟಕ್ಕೇ ಆರಿಹೋಗುತ್ತಿದ್ದವು. ಗೇಟಿನ ಹತ್ತಿರದ್ದು ಹತ್ತುತ್ತಲೇ ಇರಲಿಲ್ಲ. ಮೂರಕ್ಕೂ ತೊಂದರೆ ಜಾಗದ್ದೇ.

ಹಾಗಾಗಿ ಅಂಗಡಿಗೆ ಹೋಗುವ ಮೊದಲು ಒಂದು ಭಾನುವಾರ ಅಂಗಳ ನೋಡಿ. ಬೆಳಿಗ್ಗೆ 9, ಮಧ್ಯಾಹ್ನ 12, ಆಮೇಲೆ 3 ಗಂಟೆ. ಮೂರು ಹೊತ್ತೂ ಬಿಸಿಲಿರುವ ಜಾಗಕ್ಕೆ ಒಂದು ಕಲ್ಲಿಡಿ. 30x40 ಸೈಟಿನಲ್ಲಿ ಅಂಥ ಜಾಗ ಸಿಗುವುದೇ ಕಷ್ಟ, ಪಕ್ಕದ ಮನೆಯ ಮಹಡಿ ನೆರಳು ಬೀಳುತ್ತದೆ ಅಲ್ವಾ? ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ದಕ್ಷಿಣಕ್ಕೆ ಕಟ್ಟಡವಿದ್ದರೆ ಏಪ್ರಿಲ್‌ನಲ್ಲಿ ಸುಡುತ್ತಿದ್ದ ಜಾಗವೂ ಆಗ ನೆರಳು.

ಬೆಳಕು ಬೇಕಾದ ಕಡೆ ಬಿಸಿಲು ಇಲ್ಲದಿದ್ದರೆ ಪ್ಯಾನೆಲ್ ಬೇರೆ, ದೀಪ ಬೇರೆ ಇದ್ದು ನಡುವೆ ವೈರ್ ಇರುವಂಥದ್ದು ಕೊಳ್ಳಿ. ಪ್ಯಾನೆಲ್ಲನ್ನು ತಾರಸಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿ, ಸುಮಾರು 15 ಡಿಗ್ರಿ ಓರೆಯಾಗಿ ಕೂರಿಸಿ. ಓರೆಯಿದ್ದರೆ ಮಳೆಗೆ ದೂಳೂ ಜಾರಿಹೋಗುತ್ತದೆ.

ಗೇಟಿನ ದೀಪದ ಕಥೆ ಬೇರೆ. ಸಣ್ಣ ದೀಪಗಳಲ್ಲಿ ಕತ್ತಲಾಯಿತೋ ಇಲ್ಲವೋ ಎಂದು ತಿಳಿಯುವುದು ಹೆಚ್ಚಾಗಿ ಪ್ಯಾನೆಲ್ಲಿನಿಂದಲೇ. ನಮ್ಮದು ಬೀದಿದೀಪದ ಕೆಳಗಿತ್ತು, ಅದರ ಪಾಲಿಗೆ ಇನ್ನೂ ಹಗಲು! ದಾಸವಾಳದ ಗಿಡದ ಆಚೆಗೆ ಸರಿಸಿದೆ, ಅವತ್ತೇ ಹತ್ತಿತು.

ಕೊಳ್ಳುವಾಗ ಡಬ್ಬದ ಮೇಲೆ ಐಪಿ65 ಇದೆಯೇ ನೋಡಿ. 6 ಎಂದರೆ ದೂಳು ಒಳಗೆ ಹೋಗದು, 5 ಎಂದರೆ ಪೈಪಿನ ನೀರು ರಾಚಿದರೂ ತಡೆಯುತ್ತದೆ. ದೊಡ್ಡ ದೊಡ್ಡ ವ್ಯಾಟ್ ಅಂಕಿಗೆ ಮರುಳಾಗಬೇಡಿ, ಲೆಕ್ಕ ಹಾಕಿ. 1.2 ವೋಲ್ಟಿನ, 600 ಎಂಎಎಚ್ (ಅಂದರೆ 0.6 ಆಂಪಿಯರ್-ಅವರ್) ಬ್ಯಾಟರಿಯಲ್ಲಿ ಇರುವುದು 1.2 x 0.6, ಅಂದರೆ 0.72 ವ್ಯಾಟ್-ಅವರ್. 12 ಗಂಟೆ ಉರಿಯಬೇಕೆಂದರೆ ದೀಪಕ್ಕೆ ಸಿಗುವುದು 0.06 ವ್ಯಾಟ್ ಮಾತ್ರ. ತುಳಸಿಕಟ್ಟೆ, ಮೆಟ್ಟಿಲಂಚು ಕಾಣಲು ಸಾಕು, ಪೇಪರ್ ಓದಲು ಆಗದು. ಕೊಟ್ಟಿಗೆಗೋ ಹಿತ್ತಿಲಿಗೋ ಜಾಸ್ತಿ ಬೆಳಕು ಬೇಕಿದ್ದರೆ, ಯಾರಾದರೂ ಹತ್ತಿರ ಬಂದಾಗ ಮಾತ್ರ ಜೋರಾಗಿ ಉರಿಯುವ ಸೆನ್ಸರ್ ದೀಪವೇ ಸರಿ.

ಮನೆಗೆ ತಂದ ಮೇಲೆ ದೀಪದ ತಲೆ ಬಿಚ್ಚಿ ಸ್ವಿಚ್ ನೋಡಿ. ಕೆಲವು ದೀಪಗಳು ಸ್ವಿಚ್ ಹಾಕಿದ್ದರೆ ಮಾತ್ರ ಚಾರ್ಜ್ ಆಗುತ್ತವೆ. ಬ್ಯಾಟರಿಗೆ ಸಿಕ್ಕಿಸಿದ ಪ್ಲಾಸ್ಟಿಕ್ ಪಟ್ಟಿ ಇದ್ದರೆ ಎಳೆದು ತೆಗೆಯಿರಿ. ನಮ್ಮ ಕೆಂಪು ಮಣ್ಣು ಬೇಸಿಗೆಯಲ್ಲಿ ಕಲ್ಲು. ಸುತ್ತಿಗೆಯಲ್ಲಿ ಬಡಿದರೆ ಪ್ಲಾಸ್ಟಿಕ್ ಗೂಟ ಮುರಿಯುತ್ತದೆ, ಒಂದು ನಾನೇ ಮುರಿದೆ. ನೀರು ಹಾಕಿ ನೆನೆಸಿ, ಕಬ್ಬಿಣದ ಕಂಬಿಯಿಂದ ತೂತು ಮಾಡಿ, ಕೈಯಲ್ಲೇ ಒತ್ತಿ.

ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಪ್ಯಾನೆಲ್ ಒರೆಸಿ. ಮಂಡ್ಯದ ಕಡೆ ಆಲೆಮನೆ ಹತ್ತಿರವಿದ್ದರೆ ಮಸಿ ಕೂರುತ್ತದೆ, ಇನ್ನೂ ಬೇಗ ಒರೆಸಬೇಕು. ತೆಂಗಿನ ನಾರಿನಿಂದ ಉಜ್ಜಬೇಡಿ, ಗೀರು ಬೀಳುತ್ತದೆ. ಆಯುಧ ಪೂಜೆಗೆ ಕುಂಕುಮ ಹಚ್ಚುವುದಾದರೆ ಕಂಬಕ್ಕೆ ಹಚ್ಚಿ, ಪ್ಯಾನೆಲ್ಲಿಗೆ ಬೇಡ.

ಒಂದೆರಡು ವರ್ಷಕ್ಕೆ ಬೆಳಕು ಕುಗ್ಗಿದರೆ ಇಡೀ ದೀಪ ಎಸೆಯಬೇಡಿ. ಹಳೆ ಬ್ಯಾಟರಿ ಮೇಲೆ ಬರೆದಿರುವ ಬಗೆಯ, ಅಷ್ಟೇ ವೋಲ್ಟಿನ ರೀಚಾರ್ಜ್ ಬ್ಯಾಟರಿ ಹಾಕಿ. ಟಿವಿ ರಿಮೋಟಿನ ಮಾಮೂಲಿ ಸೆಲ್ ಹಾಕಲೇಬೇಡಿ, ಚಾರ್ಜ್ ಆಗುವಾಗ ಸೋರಬಹುದು, ಒಡೆಯಲೂಬಹುದು. ಆಷಾಢದಲ್ಲಿ ನಾಲ್ಕು ದಿನ ಮೋಡ ಕವಿದರೆ ಎಂಥ ದೀಪವೂ ಬೇಗ ಆರುತ್ತದೆ. ಬಾಗಿಲ ಹತ್ತಿರ ಒಂದು ಟಾರ್ಚ್ ಇಟ್ಟುಕೊಳ್ಳಿ.